ಅತ್ತೆಗೊಂದು ಸ್ಪೀಕರ್ ಪೆಟ್ಟಿಗೆ

ಮೈಕ್ ಸೆಟ್ ತಂದ ವರ್ಷ ಚನ್ನಕೇಶವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅದು ಸಾವಿರದ ಒಂಬೈನೂರ ಅರವತ್ತೊಂದನೇ ಇಸವಿ. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಹತ್ತಡಿಯ ಅಂಗಡಿ. ಅದರೊಳಗೆ ಒಂದು ವಾಲ್ವ್ ಆಂಪ್ಲಿಫೈಯರು, ಎರಡು ಹಾರ್ನು, ಒಂದು ಮೈಕು, ರೆಕಾರ್ಡು ಹಾಕುವ ಪ್ಲೇಟು, ಕಾರಿನಿಂದ ಬಿಚ್ಚಿ ತಂದ ಎರಡು ಬ್ಯಾಟರಿ. ಇಷ್ಟಕ್ಕೇ ಅವನ ಜಂಬ ನೋಡಬೇಕಿತ್ತು! ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ, ಹುಡುಗ ಯಾರು ಹುಡುಗಿ ಯಾರು ಎಂದು ಕೇಳುವುದಕ್ಕೂ ಮುಂಚೆ ಜನ ಮೈಕ್ ಸೆಟ್ ಉಂಟೋ ಎಂದು ಕೇಳುತ್ತಿದ್ದರು. ಉಂಟು ಎಂದರೆ ಚನ್ನಕೇಶವನೇ ಬರಬೇಕು. ಬಂದವನು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಕಿವಿಯ ಮೇಲೊಂದು ಪೆನ್ಸಿಲು ಸಿಕ್ಕಿಸಿಕೊಂಡು, ಮದುವೆ ಗಂಡಿಗಿಂತ ಹೆಚ್ಚು ಓಡಾಡುತ್ತಿದ್ದ.

ಇವನನ್ನು ಸಾಕಿದವಳು ಸಾದಲಿಯ ಚಿಕ್ಕವೆಂಕಟಮ್ಮ. ಅವಳು ಇವನಪ್ಪನ ತಂಗಿ. ಎಳೆಗೂಸಾಗಿದ್ದಾಗಲೇ ತಾಯಿ ಸತ್ತ ಇವನನ್ನು ತನ್ನ ಮನೆಗೆ ಎತ್ತಿಕೊಂಡು ಹೋಗಿ, ಮಡಿಲಲ್ಲಿ ಹಾಕಿಕೊಂಡು ಬೆಳೆಸಿ, ಕೊನೆಗೆ ತನ್ನ ಹಿರಿಮಗಳು ಶ್ಯಾಮಲಳನ್ನೂ ಕೊಟ್ಟು ಮದುವೆ ಮಾಡಿದ್ದಳು. ಹಾಗಾಗಿ ಅವಳು ಅವನಿಗೆ ಎರಡು ಕಡೆಯಿಂದಲೂ ಅತ್ತೆ. ರೇಷ್ಮೆ ಹುಳ ಸಾಕುವ ಮನೆ ಅವರದು. ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ಆಕೆ ಹಾಡುತ್ತಿದ್ದ ಹಾಡು ಕೇಳುತ್ತಲೇ ಅವನು ನಿದ್ದೆ ಮಾಡಿ, ಅದನ್ನೇ ಕೇಳುತ್ತಾ ಎದ್ದು ದೊಡ್ಡವನಾದವನು.

ಚಿಕ್ಕವೆಂಕಟಮ್ಮನ ಗಂಟಲು ಉಳಿದ ಹೆಂಗಸರ ಹಾಗಲ್ಲ. ಬೇರೆಯವರ ದನಿ ಮೇಲೆ ಮೇಲೆ ಏರಿದರೆ ಅವಳದು ಕೆಳಗಿಂದ, ಹೊಟ್ಟೆಯ ಆಳದಿಂದ, ದಪ್ಪನಾಗಿ ಬರುತ್ತಿತ್ತು. ಮದುಮಗಳನ್ನು ಹಸೆಮಣೆಗೆ ಕರೆಯುವ ಹಾಡನ್ನು ಅವಳೇ ಹೇಳಬೇಕೆಂದು ಮಂಚೇನಹಳ್ಳಿಯಿಂದಲೂ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಅವಳು ಬಾಯಿ ತೆರೆದರೆ ಚಪ್ಪರದಡಿ ಅಳುವ ಮಕ್ಕಳೂ ಸುಮ್ಮನಾಗುತ್ತಿದ್ದವು.

ಮೈಕ್ ಸೆಟ್ ತಂದ ಮೂರನೇ ತಿಂಗಳಿಗೆ ಮಂಡಿಕಲ್ಲಿನಲ್ಲಿ ನೆಂಟರ ಮದುವೆ ಬಂತು. ಚನ್ನಕೇಶವನಿಗೆ ಒಂದೇ ಆಸೆ. ಚಪ್ಪರದಡಿ ಕೂತವರಷ್ಟೇ ಕೇಳಿದ್ದ ಅತ್ತೆಯ ಹಾಡನ್ನು ನಾಲ್ಕು ಹಳ್ಳಿ ಕೇಳಬೇಕು. ತಂತಿ ಗಿಡ್ಡವಾಗಿತ್ತು. ಅದಕ್ಕೆ ಹಾಡುವ ಹೆಂಗಸರ ಬೆನ್ನ ಹಿಂದೆಯೇ ಇದ್ದ ಹೊಂಗೆ ಮರಕ್ಕೆ ಹಾರ್ನು ಕಟ್ಟಿದ. ಅದರ ಬಾಯಿ ನೆಟ್ಟಗೆ ಅವರ ತಲೆಯ ಕಡೆಗೇ ಇತ್ತು. ಮೈಕನ್ನು ಅತ್ತೆಯ ಕೈಗೆ ಕೊಟ್ಟು, ಸದ್ದಿನ ತಿರುಪನ್ನು ಕೊನೆಯವರೆಗೂ ತಿರುಗಿಸಿ, "ಹೂಂ, ಹಾಡತ್ತೆ, ನೋಡೇಬಿಡಣ!" ಎಂದ.

ಅವಳು ಬಾಯಿ ತೆರೆದಳು. ಅಬ್ಬಬ್ಬಾ, ಆ ಹಾರ್ನಿನಿಂದ ಬಂದ ಸದ್ದೇ! ಕುಂಯ್ಯ್ ಎಂದು ಶುರುವಾದದ್ದು ಕಿವಿ ಸೀಳುವಂತೆ ಊಳಿಟ್ಟಿತು. ನಾಯಿಗಳು ದಿಕ್ಕಾಪಾಲಾಗಿ ಓಡಿದವು. ಗಂಡಿನ ಕಡೆಯವರು ಮೊದಲು ಕಿವಿ ಮುಚ್ಚಿಕೊಂಡರು, ಆಮೇಲೆ ಬಿದ್ದು ಬಿದ್ದು ನಕ್ಕರು. ಚನ್ನಕೇಶವನ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಆಯಿತು. ಹೊಸ ಸೆಟ್ಟಿನ ಮರ್ಯಾದೆ ಹೋಗುತ್ತದಲ್ಲ ಎಂಬ ಗಾಬರಿಯಲ್ಲಿ ಎಲ್ಲರಿಗೂ ಕೇಳುವಂತೆ, "ಏನತ್ತೆ ನೀನು, ಆ ಗಂಟ್ಲಲ್ಲಿ ಹಂಗೆ ಮೈಕ್ ಒಳಕ್ಕೇ ಕೂಗಿದ್ರೆ ಇನ್ನೇನಾಗ್ತೈತೆ?" ಎಂದುಬಿಟ್ಟ. ಅಂದವನೇ ಒಂದು ರೆಕಾರ್ಡು ಹಾಕಿದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಆವತ್ತಿನಿಂದ ಅವಳು ಹಾಡಲಿಲ್ಲ. ಮದುವೆಯಲ್ಲಿ ಬಿಡಿ, ಸೊಪ್ಪು ಹೆಚ್ಚುವಾಗಲೂ ಇಲ್ಲ. ಕರೆಯಲು ಬಂದವರಿಗೆ ಕೆಮ್ಮು ಎಂದಳು, ಮಂಡಿನೋವು ಎಂದಳು. ಗಂಡ ಆವುಲಪ್ಪ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಒಂದು ದಿನ ಶ್ಯಾಮಲಳ ಹತ್ತಿರ ಮಾತ್ರ ಹೇಳಿಕೊಂಡಳು: "ಗೂಡು ಮಾರಕ್ಕೆ ಹೋದಾಗ ನೋಡಿಲ್ವೇನೇ? ನಾವು ಎಷ್ಟೇ ಐತೆ ಅಂದ್ರೂ ತಕ್ಕಡಿ ಇರೋದನ್ನೇ ತೋರಿಸ್ತೈತೆ. ಯಂತ್ರಕ್ಕೆ ಯಾರ ಮುಲಾಜು? ನಲವತ್ತು ವರ್ಷ ಜನ ನನ್ನ ಮುಖ ನೋಡಿ ಚೆನ್ನಾಗೈತೆ ಅಂದ್ರು. ಅದು ನನ್ನ ಗಂಟಲನ್ನ ತೂಗಿ ಇದ್ದದ್ದು ಇದ್ದಂಗೆ ಹೇಳ್ತು."

ಶ್ಯಾಮಲ ಇದನ್ನು ಗಂಡನಿಗೆ ಹೇಳಿದಳು. ಅವನಿಗೆ ಚುರ್ ಎಂದಿತು, ನಿಜ. ಆದರೆ ಆ ಊಳು ಎಲ್ಲಿಂದ ಬಂತೆಂದು ಅವನಿಗೇ ಗೊತ್ತಿರಲಿಲ್ಲ. ಅತ್ತೆಯ ಗಂಟಲು ಮೈಕಿಗೆ ಒಗ್ಗುವುದಿಲ್ಲವೇನೋ ಎಂದೇ ಅವನೂ ನಂಬಿದ್ದ. ಹೀಗೇ ಎರಡು ವರ್ಷ ಕಳೆಯಿತು.

ಅರವತ್ತಮೂರರಲ್ಲಿ ಅತ್ತೆಯ ಕಿರಿಮಗಳು ವರಲಕ್ಷ್ಮಿಗೆ ಚಿಂತಾಮಣಿಯ ಕಡೆ ಗಂಡು ಗೊತ್ತಾಯಿತು. ಆ ಹುಡುಗಿಯೋ ಮಹಾ ಹಟಮಾರಿ. "ಊರ ಹೆಣ್ಣುಮಕ್ಕಳನ್ನೆಲ್ಲ ಹಸೆಗೆ ಕರೆದವಳು ನೀನು. ನನ್ನನ್ನ ಕರೀದೆ ಇದ್ರೆ ನಾನು ಬಾಗಿಲಲ್ಲೇ ನಿಂತಿರ್ತೀನಿ, ಒಳಕ್ಕೆ ಬರಲ್ಲ" ಎಂದು ತಾಯಿಗೆ ಹೇಳಿ ಕೂತುಬಿಟ್ಟಳು. ಚಿಕ್ಕವೆಂಕಟಮ್ಮ ಒಂದೇ ಮಾತು ಆಡಿದಳು: "ಕೇಶವನಿಗೆ ಹೇಳು, ರೆಕಾರ್ಡು ಹಾಕ್ತಾನೆ." ಅಷ್ಟು ಹೇಳಿ ಒಳಗೆ ಹೋಗಿ ಅತ್ತಳಂತೆ.

ಲಗ್ನಪತ್ರಿಕೆ ಹಂಚುತ್ತಾ ಚನ್ನಕೇಶವ ಚಿಕ್ಕಬಳ್ಳಾಪುರಕ್ಕೆ ಹೋದ. ಅಲ್ಲಿ ವೆಂಕಟರವಣಪ್ಪ ಎಂಬ ಮುದುಕರು ರೇಡಿಯೋ ರಿಪೇರಿ ಮಾಡಿಕೊಂಡಿದ್ದರು. ಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿ ವೈರ್‌ಲೆಸ್ ನೋಡಿಕೊಂಡಿದ್ದವರು. ಇವನ ವಾಲ್ವ್ ಸುಟ್ಟಾಗಲೆಲ್ಲ ಅವರೇ ಗತಿ. ಮಾತು ಮದುವೆ ಹಾಡಿನ ಕಡೆ ಹೊರಳಿತು. ಚನ್ನಕೇಶವ ನಗಿಸಲೆಂದು ಮಂಡಿಕಲ್ಲಿನ ಕಥೆ ಶುರು ಮಾಡಿ, ನಾಯಿ ಓಡಿದ್ದನ್ನೂ ಸೇರಿಸಿ, "ನಮ್ಮತ್ತೆ ಬಾಯಿ ತೆರೆದ್ರೆ ಹಾರ್ನೇ ಊಳಿಟ್ಟುಬಿಡ್ತು ಕಣಣ್ಣಾ!" ಎಂದು ಮುಗಿಸಿದ.

ವೆಂಕಟರವಣಪ್ಪ ನಗಲಿಲ್ಲ. ಕನ್ನಡಕದ ಮೇಲಿಂದ ನೋಡಿ, "ಹಾರ್ನು ಎಲ್ಲಿ ಕಟ್ಟಿದ್ದೆ?" ಎಂದರು.

"ಅವರ ಹಿಂದ್ಗಡೆ. ಹೊಂಗೆ ಮರಕ್ಕೆ."

"ಬಾಯಿ ಯಾವ ಕಡೆ?"

"ಮೈಕ್ ಕಡೇನೇ."

"ಥೂ ನಿನ್ನ! ಕೋತಿ ನನ್ಮಗನೆ!" ಮುದುಕರು ಕೈಲಿದ್ದ ಸ್ಕ್ರೂಡ್ರೈವರ್ ಕುಕ್ಕಿದರು. "ಹಾರ್ನು ಕೂಗಿದ್ದನ್ನ ಮೈಕು ಕೇಳ್ತು. ಮೈಕು ಕೇಳಿದ್ದನ್ನ ಹಾರ್ನು ಮತ್ತೆ ಕೂಗ್ತು. ಅವೆರಡೂ ಒಂದರ ಬಾಲ ಒಂದು ಕಚ್ಚಿಕೊಂಡು ಸುತ್ತಿದ್ದೇ ಆ ಊಳು. ಆ ಯಮ್ಮನ ಗಂಟಲಿಗೂ ಅದಕ್ಕೂ ಏನಯ್ಯಾ ಸಂಬಂಧ? ನೀನು ಮಾಡಿದ ತಪ್ಪಿಗೆ ಆಕೇನ ಬೈದ್ಯಲ್ಲೋ, ನಾಲ್ಕು ಜನದ ಮುಂದೆ!"

ಚನ್ನಕೇಶವನ ನಗು ಅಲ್ಲೇ ಸತ್ತಿತು. ಎರಡು ವರ್ಷ. ಎರಡು ವರ್ಷ ಆ ಮನೆಯಲ್ಲಿ ಹಾಡಿಲ್ಲ. ತನ್ನನ್ನು ಮಡಿಲಲ್ಲಿ ಮಲಗಿಸಿಕೊಂಡು ಹಾಡಿದ ಬಾಯಿಯನ್ನು ತಾನೇ ಮುಚ್ಚಿಸಿದೆನಲ್ಲಾ! ಅವನು ಮುಂದೆ ಕೊಡಬೇಕಿದ್ದ ಪತ್ರಿಕೆಗಳನ್ನೆಲ್ಲ ಮುದುಕರ ಅಂಗಡಿಯಲ್ಲೇ ಮರೆತು ಸಾದಲಿಗೆ ಹೊರಟ.

ಅತ್ತೆಯ ಮನೆಯಲ್ಲಿ ಹುಳು ಹಣ್ಣಾಗುವ ಹೊತ್ತು. ಗೂಡು ಕಟ್ಟಲು ಅಣಿಯಾದ ಹುಳದ ಹತ್ತಿರ ಗಟ್ಟಿಯಾಗಿ ಮಾತಾಡುವಂತಿಲ್ಲ, ಅದು ಆ ಕಡೆಯ ಕಟ್ಟುನಿಟ್ಟು. ಹಾಗಾಗಿ ಚನ್ನಕೇಶವ ತನ್ನ ತಪ್ಪೊಪ್ಪಿಗೆಯನ್ನೆಲ್ಲ ಪಿಸುಮಾತಿನಲ್ಲೇ ಹೇಳಬೇಕಾಯಿತು. ಅತ್ತೆ ಹಣ್ಣು ಹುಳ ಆರಿಸಿ ಗೂಡು ಕಟ್ಟುವ ಬಿದಿರ ಚಂದ್ರಿಕೆಯ ಮೇಲೆ ಬಿಡುತ್ತಾ ಎಲ್ಲ ಕೇಳಿದಳು. ಆಮೇಲೆ ಅಷ್ಟೇ ಮೆಲ್ಲಗೆ, "ನನ್ನ ಸಮಾಧಾನಕ್ಕೆ ಹೇಳ್ತಿದೀಯ. ಮದುವೆ ಬಂತಲ್ಲ, ಅದಕ್ಕೆ. ವರಲಕ್ಷ್ಮಿ ಹೇಳ್ಕೊಟ್ಳಾ?" ಎಂದಳು.

"ಇಲ್ಲತ್ತೆ, ನಿನ್ನಾಣೆಗೂ..."

"ಆಣೆ ಗೀಣೆ ಬೇಡ ನಡಿಯಪ್ಪ. ಹುಳ ಬೆದರ್ತಾವೆ."

ಮೂರು ದಿನ ಬಿಟ್ಟು ಚನ್ನಕೇಶವ ಸೆಟ್ಟನ್ನೇ ಗಾಡಿಯಲ್ಲಿ ಹೇರಿಕೊಂಡು ಬಂದ. ಮನೆಯ ಹತ್ತಿರ ತಂದರೆ ಹುಳಕ್ಕೆ ಆಗದು. ಊರಾಚೆಯ ಕಣದಲ್ಲಿ ಇಳಿಸಿ, ಅತ್ತೆಯ ಕೈಹಿಡಿದು ಎಳೆದುಕೊಂಡೇ ಬಂದ. ಹಾರ್ನನ್ನು ಒಂದು ಕಲ್ಲಿನ ಮೇಲೆ ಇಟ್ಟ. ಅದರ ಬಾಯಿಗೆ ಎದುರಾಗಿ ಮೈಕು ನಿಲ್ಲಿಸಿದ. "ಇಲ್ಲಿ ಯಾರಾದ್ರೂ ಹಾಡ್ತಿದಾರಾ ಅತ್ತೆ? ನೋಡ್ಕೋ. ನೀನು ಅಲ್ಲೇ ದೂರ ನಿಂತ್ಕೋ, ಬಾಯಿ ಬಿಡಬೇಡ. ನಾನೂ ಬಿಡಲ್ಲ" ಎಂದು ತಿರುಪನ್ನು ತಿರುಗಿಸಿದ.

ಕುಂಯ್ಯ್ ಎಂದಿತು. ಅದೇ ಊಳು, ಮಂಡಿಕಲ್ಲಿನದೇ. ಚಿಕ್ಕವೆಂಕಟಮ್ಮ ಬೆಚ್ಚಿಬಿದ್ದು ಎರಡೂ ಕೈಯಿಂದ ತನ್ನ ಬಾಯಿ ಮುಟ್ಟಿ ನೋಡಿಕೊಂಡಳು, ಮುಚ್ಚಿಯೇ ಇದೆಯೇ ಎಂದು. ಅವನು ಹಾರ್ನನ್ನು ಆಚೆಗೆ ತಿರುಗಿಸಿದ, ಊಳು ನಿಂತಿತು. ಈಚೆಗೆ ತಿರುಗಿಸಿದ, ಊಳಿಟ್ಟಿತು. ಹೀಗೆ ಐದಾರು ಸಲ ಮಾಡಿದ ಮೇಲೆ ಅವಳು ಕಣದ ಅಂಚಿನಲ್ಲಿ ಕುಸಿದು ಕೂತಳು.

"ಎರಡು ವರ್ಷ ಕಣೋ" ಎಂದಳು. ಅವನು ಅವಳ ಕಾಲ ಹತ್ತಿರ ಕೂತು ಮಗುವಿನ ಹಾಗೆ ಅತ್ತ. ಅವಳು ತಲೆ ಮೇಲೊಂದು ಮೊಟಕಿ, ಅದೇ ಕೈಯಿಂದ ತಲೆ ಸವರಿದಳು. "ಏಮಿರಾ ಇದಿ, ಏನೋ ಇದು, ಮೀಸೆ ಹೊತ್ಕೊಂಡು ಅಳ್ತಾರಾ? ಏಳು."

ಆದರೂ ಅವಳು ಏಳಲಿಲ್ಲ. ಕೂತಲ್ಲಿಂದಲೇ ಕೇಳಿದಳು: "ಆ ಊಳು ನಂದಲ್ಲ ಅಂತಾಯ್ತು. ಸರಿ. ಹಂಗಾದ್ರೆ ನಂದು ಹೆಂಗೈತೋ?"

"ಹೆಂಗೈತೆ ಅಂದ್ರೆ? ದಿನಾ ನೀನೇ ಹಾಡ್ತಿದ್ಯಲ್ಲತ್ತೆ!"

"ನನ್ನ ದನೀನ ನಾನು ಒಳಗಿಂದ ಕೇಳಿದೀನಿ ಕಣಪ್ಪ. ಹೊರಗಿಂದ ಹೆಂಗೈತೋ ನನಗೇನು ಗೊತ್ತು? ಚೆನ್ನಾಗಿಲ್ದೆ ಇದ್ರೆ? ಈಗ ಭಯ ಬಂದ್ಬಿಟ್ಟೈತೆ. ನಾನೊಂದು ಸಲ ಕೇಳ್ಬೇಕು. ಕೇಳಿ, ಪರವಾಗಿಲ್ಲ ಅನ್ನಿಸಿದ್ರೆ ಮಗಳ ಮದುವೇಲಿ ಹಾಡ್ತೀನಿ. ಇಲ್ದಿದ್ರೆ ಇಲ್ಲ."

ಇದಕ್ಕೆ ಚನ್ನಕೇಶವ ಉತ್ತರ ಹುಡುಕಿಕೊಂಡು ಮರುದಿನವೇ ಮತ್ತೆ ಚಿಕ್ಕಬಳ್ಳಾಪುರಕ್ಕೆ ಹೋದ. ಮುದುಕರು ಎಲ್ಲ ಕೇಳಿ ಗಡ್ಡ ಕೆರೆದುಕೊಂಡರು. "ಹಾರ್ನಲ್ಲಿ ಮಾತ್ರ ಕೇಳಿಸಬೇಡ. ಅದು ದೂರಕ್ಕೆ ಕೂಗಕ್ಕೆ ಮಾಡಿರೋದು. ದಪ್ಪ ಗಂಟಲು ಅದರೊಳಗೆ ಹೋದ್ರೆ ತಗಡಾಗಿ ಹೊರಗೆ ಬರ್ತೈತೆ. ಆ ಯಮ್ಮ ತಕ್ಕಡಿ ಥರ ಅದನ್ನೂ ನಂಬ್ತಾಳೆ. ಆಕೆಗೆ ಪೆಟ್ಟಿಗೆ ಬೇಕು" ಎಂದು ಅಟ್ಟದ ಮೇಲಿಂದ ಹನ್ನೆರಡು ಇಂಚಿನ ಒಂದು ಸ್ಪೀಕರ್ ಇಳಿಸಿದರು. ಟೂರಿಂಗ್ ಟಾಕೀಸಿನವರು ಬಿಟ್ಟುಹೋದದ್ದು. "ಬರಿದೆ ಇಟ್ಟು ಹಾಕಿದ್ರೆ ಇದೂ ಕೀಚಲೇ. ಇದರ ಕಾಗದ ಮುಂದಕ್ಕೆ ತಳ್ಳೋ ಗಾಳೀನ ಹಿಂದಿನ ಗಾಳಿ ಸುತ್ತಿ ಬಂದು ನುಂಗ್ತೈತೆ. ಅದಕ್ಕೆ ಹಿಂದ್ಗಡೆ ಪೂರ್ತಿ ಮುಚ್ಚಿದ ಪೆಟ್ಟಿಗೆ ಮಾಡಿಸು. ಹಲಗೆ ಮುಕ್ಕಾಲಿಂಚಿಗೆ ಕಮ್ಮಿ ಬೇಡ. ತೆಳ್ಳಗಿದ್ರೆ ಹಾಡೋರನ್ನ ಬಿಟ್ಟು ಹಲಗೇನೇ ಹಾಡಕ್ಕೆ ಶುರು ಮಾಡ್ತೈತೆ. ಸಂದಿಗೆಲ್ಲ ಮೇಣ ತುಂಬು, ಗಾಳಿ ಆಡಬಾರದು. ಒಳಗೆ ಮೆತ್ತಗಿರೋದು ಏನಾದ್ರೂ ಹಾಕು, ಅರಳೇನೋ ಉಣ್ಣೇನೋ. ಗಿಡೀಬೇಡ, ಹಗುರವಾಗಿ."

"ಜೋಡ್ಸೋದು?"

"ಸ್ಪೀಕರ್ ಬೆನ್ನ ಮೇಲೆ ಎಂಟು ಓಮ್ ಅಂತ ಐತೆ, ಆಂಪ್ಲಿಫೈಯರಲ್ಲಿ ಎಂಟು ಅಂತ ಇರೋ ಕಡೇನೇ ತಂತಿ ಕಟ್ಟು. ಸ್ಪೀಕರ್ ತಂತಿ ಕಟ್ಟದೆ ಸ್ವಿಚ್ ಹಾಕಿದ್ಯೋ, ಸೆಟ್ ಸುಟ್ಟೋಗ್ತೈತೆ, ಆಮೇಲೆ ನನ್ನ ಹತ್ರ ಬರಬೇಡ. ಪೆಟ್ಟಿಗೇನ ನೆಲದ ಮೇಲಿಡು, ಗೋಡೆ ಮೂಲೆ ಹತ್ರ. ನೆಲಾನೂ ಗೋಡೇನೂ ದಪ್ಪ ದನಿಗೆ ಭುಜ ಕೊಡ್ತಾವೆ. ಮೈಕಿನ ಬೆನ್ನು ಪೆಟ್ಟಿಗೆ ಕಡೆಗಿರಲಿ. ತಿರುಪು ಅರ್ಧ ದಾಟಬಾರದು. ಅರ್ಧ ಅಂದ್ರೆ ಅರ್ಧ! ನಿನ್ನ ಕೈ ನನಗೆ ಗೊತ್ತು."

ಬಡಗಿ ನಲ್ಲಪ್ಪ ಹಲಸಿನ ಹಲಗೆಯಲ್ಲಿ ಪೆಟ್ಟಿಗೆ ಮಾಡಿಕೊಟ್ಟ. ಒಳಗೆ ತುಂಬಲು ಅರಳೆ ಯಾಕೆ ಬೇಕು, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಮನೆಗಳ ಮುಂದೆ ರೇಷ್ಮೆ ಕಸ ರಾಶಿ ಬಿದ್ದಿರುತ್ತದಲ್ಲ ಎಂದು ಚನ್ನಕೇಶವ ಅದನ್ನೇ ತಂದು ತುಂಬಿದ. ರೇಷ್ಮೆ ಪೇಟೆಯ ಬುದ್ಧಿವಂತ ನೋಡಿ! ಕಸದೊಳಗೆ ಸತ್ತ ಹುಳದ ಚೂರುಗಳಿರುತ್ತವೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಎರಡು ದಿನಕ್ಕೆ ಅಂಗಡಿ ಗಬ್ಬೆದ್ದಿತು. ಬೀದಿಯ ಬೆಕ್ಕೊಂದು ಬಂದು ಪೆಟ್ಟಿಗೆಯ ಮುಂದೆ ಕೂತಿದ್ದು, ಹಗಲೆಲ್ಲ ಸ್ಪೀಕರನ್ನೇ ದಿಟ್ಟಿಸುತ್ತಿತ್ತು. "ಬಾವ, ಅವ್ವನ ಹಾಡಿಗೆ ಮುಂಚೆ ನಿಮ್ಮ ಪೆಟ್ಟಿಗೆ ನಾತಕ್ಕೇ ಬೀಗರು ಎದ್ದೋಗ್ತಾರೆ" ಎಂದು ಶ್ಯಾಮಲ ಮೂಗು ಮುಚ್ಚಿಕೊಂಡು ನಕ್ಕಳು. ನಕ್ಕವಳೇ ಎಲ್ಲ ಹೊರಗೆಳೆದು, ಸೀಗೆಪುಡಿಯಲ್ಲಿ ಕುದಿಸಿ ತೊಳೆದು, ಬಿಸಿಲಿಗೆ ಹಾಕಿ, ಎಳೆ ಎಳೆಯಾಗಿ ಬಿಡಿಸಿ ಕೊಟ್ಟಳು. ಈಗ ಅದು ಮೋಡದಷ್ಟು ಹಗುರವಾಗಿತ್ತು. ತುಂಬಿ, ಮುಚ್ಚಿ, ಒಂದು ರೆಕಾರ್ಡು ಹಾಕಿ ನೋಡಿದ. ಹಾರ್ನಿನಲ್ಲಿ ಬರೀ ಟಕಟಕ ಎನ್ನುತ್ತಿದ್ದ ಮೃದಂಗದ ಎಡಭಾಗ ಮೊದಲ ಸಲ ಗುಂ ಎಂದಿತು. ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮದುವೆಗೆ ಮುಂಚೆ ಅತ್ತೆಗೆ ಕೇಳಿಸೋಣವೆಂದರೆ ಆಗಲೇ ಇಲ್ಲ. ಗೂಡು ಬಿಡಿಸುವುದು, ಮಾರುವುದು, ನೆಂಟರು, ಚಪ್ಪರ ಎಂದು ಅವಳು ಕೈಗೇ ಸಿಗಲಿಲ್ಲ. ಸಿಕ್ಕಾಗಲೂ ನಾಳೆ ನೋಡೋಣ ಎಂದು ಜಾರಿಕೊಂಡಳು. ಹೆದರಿದ್ದಾಳೆ ಎಂದು ಅವನಿಗೆ ಗೊತ್ತಾಯಿತು.

ಮುಹೂರ್ತದ ಬೆಳಿಗ್ಗೆ ಸಾದಲಿಯ ಮನೆಯ ಮುಂದೆ ತೆಂಗಿನಗರಿಯ ಚಪ್ಪರ ತುಂಬಿ ತುಳುಕುತ್ತಿತ್ತು. ಚನ್ನಕೇಶವ ಹಾರ್ನಿನ ಸಹವಾಸಕ್ಕೇ ಹೋಗದೆ ಪೆಟ್ಟಿಗೆಯನ್ನು ಪಡಸಾಲೆಯ ಗೋಡೆಯ ಮೂಲೆಯಲ್ಲಿ ನೆಲದ ಮೇಲಿಟ್ಟ. ಮೈಕಿನ ಬೆನ್ನು ಅದರ ಕಡೆ ಮಾಡಿದ. ತಿರುಪು ಅರ್ಧಕ್ಕೂ ಕಡಿಮೆ. ಅಷ್ಟು ಮಾಡುವುದರೊಳಗೆ ಅವನ ಇಸ್ತ್ರಿ ಶರಟು ಬೆವರಿನಲ್ಲಿ ತೊಯ್ದು ಹೋಗಿತ್ತು. ಪುರೋಹಿತರು ಹೆಣ್ಣನ್ನು ಕರೆತನ್ನಿ ಎಂದರು. ವರಲಕ್ಷ್ಮಿ ಒಳಬಾಗಿಲ ಹೊಸ್ತಿಲಿಗೆ ಬಂದಳು. ಬಂದವಳು ಅಲ್ಲೇ ನಿಂತಳು. ಹೇಳಿದ ಮಾತಿನಂತೆ ಒಂದು ಹೆಜ್ಜೆಯನ್ನೂ ಮುಂದೆ ಇಡಲಿಲ್ಲ. ಬೀಗರ ಕಡೆ ಗುಸುಗುಸು ಎದ್ದಿತು.

ಚನ್ನಕೇಶವ ಅತ್ತೆಯ ಮುಂದೆ ಮೊಣಕಾಲೂರಿ ಕೂತು, "ಒಂದೇ ಒಂದು ಸಾಲು ಹಾಡತ್ತೆ. ಕೇಳ್ಕೋ. ಬೇಡ ಅನ್ನಿಸಿದ್ರೆ ನಿಲ್ಲಿಸ್ಬಿಡು. ನಾನೇ ರೆಕಾರ್ಡು ಹಾಕ್ತೀನಿ, ಎಲ್ಲರ ಮುಂದೆ ನಂದೇ ತಪ್ಪು ಅಂತ ಹೇಳ್ತೀನಿ" ಎಂದ.

ಅವಳು ಹೊಸ್ತಿಲಲ್ಲಿ ನಿಂತ ಮಗಳನ್ನು ನೋಡಿದಳು. ಕಣ್ಣು ಮುಚ್ಚಿದಳು. ಹಾಡಿದಳು.

ಮೂಲೆಯ ಪೆಟ್ಟಿಗೆಯಿಂದ ಆ ದನಿ ಬಂತು. ದಪ್ಪಗೆ, ತುಂಬಿಕೊಂಡು, ನೆಲದ ಮೇಲೆ ಹರಿದು ಬಂದು ಕೂತವರ ಕಾಲಿಗೆ ಮುಟ್ಟುವಂತೆ ಬಂತು. ಅರ್ಧ ಸಾಲು ಆಗಿರಬೇಕು. ಚಿಕ್ಕವೆಂಕಟಮ್ಮ ತಟ್ಟನೆ ನಿಲ್ಲಿಸಿದಳು.

ಆಯಿತು, ಹಿಡಿಸಲಿಲ್ಲ, ಎಲ್ಲ ಮುಗಿಯಿತು! ಚನ್ನಕೇಶವನ ಕೈ ರೆಕಾರ್ಡಿನ ಕಡೆ ಹೋಯಿತು. ಅತ್ತೆ ಕಣ್ಣು ತೆರೆದು ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

"ಯಾರೋ ಅದು ಹಾಡಿದ್ದು?"

"ನೀನೇ ಅತ್ತೆ. ನಿಂದೇ ದನಿ."

"ನಾನಲ್ಲ ಕಣೋ" ಎಂದಳು. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. "ನಮ್ಮವ್ವ. ಅದು ನಮ್ಮವ್ವನ ಗಂಟಲು."

ಅವಳ ತಾಯಿ ಪ್ಲೇಗಿನಲ್ಲಿ ಹೋಗಿ ನಲವತ್ತು ವರ್ಷ. ಊರಿಗೆ ಊರೇ ಖಾಲಿಯಾಗಿದ್ದ ಕಾಲ. ಹೊಸದಾಗಿ ಮದುವೆಯಾಗಿ ಬಂದಿದ್ದ ಹುಡುಗಿಯನ್ನು ತಾಯಿಯ ಮುಖ ನೋಡಲೂ ಕಳಿಸಿರಲಿಲ್ಲ. ಒಂದು ಫೋಟೋ ಕೂಡ ಇಲ್ಲ. "ಮುಖಾನೇ ಮರೆತೋಗಿತ್ತು ಕಣೋ ಕೇಶವ" ಎಂದಳು. "ಎಷ್ಟು ನೆನೆಸ್ಕೊಂಡ್ರೂ ಬರ್ತಿರಲಿಲ್ಲ. ನನ್ನ ಗಂಟಲಲ್ಲೇ ಕೂತವ್ಳೆ ಅಂತ ನನಗೇನು ಗೊತ್ತು?" ಹಾಗೆಂದು ಪೆಟ್ಟಿಗೆಯ ಕಡೆ ಕಿವಿಗೊಟ್ಟು ಕಾದಳು. ಪೆಟ್ಟಿಗೆ ಸುಮ್ಮನಿತ್ತು. ಅವಳ ಮುಖ ಬಾಡಿತು. "ಯಾಕೋ ನಿಲ್ಲಿಸ್ಬಿಟ್ಳು?"

"ನೀನು ನಿಲ್ಲಿಸಿದೆಯಲ್ಲತ್ತೆ, ಅದಕ್ಕೆ" ಎಂದ ಚನ್ನಕೇಶವ. "ನೀನು ಹಾಡಿದ್ರೇನೇ ಅಜ್ಜಿ ಹಾಡ್ತಾಳೆ."

ಚಿಕ್ಕವೆಂಕಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮೈಕಿನ ಹತ್ತಿರ ಸರಿದು ಕೂತಳು. ಈ ಸಲ ಕಣ್ಣು ಮುಚ್ಚಲಿಲ್ಲ. ಪೆಟ್ಟಿಗೆಯನ್ನೇ ನೋಡುತ್ತಾ, ಎದುರು ಕೂತವರ ಜೊತೆ ಹಾಡುವವಳಂತೆ ಹಾಡಿದಳು. ವರಲಕ್ಷ್ಮಿ ಹೊಸ್ತಿಲು ದಾಟಿ, ಹೆಜ್ಜೆ ಹೆಜ್ಜೆಯಾಗಿ ಬಂದು ಹಸೆಯ ಮೇಲೆ ಕೂತಳು. ಹಾಡು ಮುಗಿಯಿತು. ಅತ್ತೆ ನಿಲ್ಲಿಸಲಿಲ್ಲ, ಇನ್ನೊಂದು ಎತ್ತಿಕೊಂಡಳು. ಅದು ಮುಗಿಯುವ ಹೊತ್ತಿಗೆ ಮತ್ತೊಂದು. ಎರಡು ವರ್ಷದ ಹಾಡೆಲ್ಲ ಒಟ್ಟಿಗೆ ಬರುತ್ತಿತ್ತು. ಆವುಲಪ್ಪ ಟವಲಿನಿಂದ ಮೂಗು ಒರೆಸಿಕೊಳ್ಳುತ್ತಾ ಕಂಬಕ್ಕೆ ಒರಗಿದ್ದ. ಚನ್ನಕೇಶವ ತಿರುಪಿನ ಮೇಲೆ ಬೆರಳಿಟ್ಟುಕೊಂಡು ಅಲ್ಲಾಡದೆ ಕೂತಿದ್ದ.

ಕೊನೆಗೆ ಪುರೋಹಿತರೇ ಹತ್ತಿರ ಬಂದು ಮೆಲ್ಲಗೆ, "ಅಮ್ಮಾ, ಮುಹೂರ್ತ ಹತ್ರ ಬಂತು. ಸಾಕು ಮಾಡಿದ್ರೆ..." ಎಂದರು.

ಅವಳು ಕೈಮುಗಿದಳು. ಕಣ್ಣು ಮಾತ್ರ ಪೆಟ್ಟಿಗೆಯಿಂದ ಕೀಳಲಿಲ್ಲ.

"ಇನ್ನೊಂದೇ ಒಂದು ಹಾಡು ಸ್ವಾಮೀ. ನಮ್ಮವ್ವ ಮೊಮ್ಮಗಳ ಮದುವೆಗೆ ಬಂದವ್ಳೆ. ಎದ್ದು ಹೋಗು ಅಂತ ನಾನು ಹೆಂಗೆ ಹೇಳ್ಲಿ?"